ಸುಣ್ಣದ ಬೀದಿಯ ಪದ

ನಮ್ಮ ಬೀದಿಗೆ ಹೆಸರಿತ್ತು, ಪದ ಇರಲಿಲ್ಲ. ಊರಿನ ಉಳಿದ ಬೀದಿಗಳಿಗೆಲ್ಲ ಗಾಳಿಮನೆಯ ಕಂಪ್ಯೂಟರಿನಲ್ಲಿ ಒಂದೊಂದು ಪದವಿತ್ತು. ಎಣ್ಣೆಗಾಣದ ಬೀದಿಯ ಪದ ಟೈಪ್ ಮಾಡಿದರೆ ಎಣ್ಣೆಗಾಣದ ಬೀದಿಯಲ್ಲಿ ಗಾಳಿ ಏಳುತ್ತಿತ್ತು, ಹೂವಿನ ಬೀದಿಯ ಪದ ಟೈಪ್ ಮಾಡಿದರೆ ಹೂವಿನ ಬೀದಿಯಲ್ಲಿ. ಒಮ್ಮೆ ಬಿಟ್ಟ ಗಾಳಿ ತಾನಾಗಿ ನಿಲ್ಲುತ್ತಿರಲಿಲ್ಲ, ಬೆಳೆಯುತ್ತಾ ಹೋಗುತ್ತಿತ್ತು. ಅದಕ್ಕೇ ಸ್ವಲ್ಪ ಹೊತ್ತಾದ ಮೇಲೆ ‘ನಿಲ್ಲು’ ಎಂದು ಟೈಪ್ ಮಾಡಬೇಕಿತ್ತು. ಇದಲ್ಲದೆ ಬೇರೆ ಗಾಳಿ ನಮ್ಮೂರಿಗೆ ಗೊತ್ತಿರಲಿಲ್ಲ.

ಬೇರೆ ಕಡೆ ನಲ್ಲಿ ನೀರಿನ ಬಗ್ಗೆ ಮಾತಾಡುವ ಹಾಗೆ ನಮ್ಮಲ್ಲಿ ಗಾಳಿಯ ಬಗ್ಗೆ ಮಾತಾಡುತ್ತಿದ್ದರು. ‘ನಿಮ್ಮ ಕಡೆ ಬಿಟ್ರಾ?’ ‘ಬಿಟ್ರು, ಆದ್ರೆ ಸಣ್ಣಗೆ ಬಂತು, ಒಂದು ಪಂಚೆ ಒಣಗಲಿಲ್ಲ.’ ಮದುವೆಯ ಕಾಗದದಲ್ಲಿ ಮುಹೂರ್ತದ ಕೆಳಗೆ ಗಾಳಿಯ ಹೊತ್ತನ್ನೂ ಅಚ್ಚು ಹಾಕಿಸುತ್ತಿದ್ದರು. ರಾಗಿ ತೂರುವವರು ಮೊದಲೇ ಗಾಳಿಮನೆಗೆ ಹೇಳಿ ಕಳಿಸುತ್ತಿದ್ದರು. ಹೂವಿನ ಬೀದಿಯ ಹುಡುಗಿಯರು ಗಾಳಿಯ ಹೊತ್ತಿಗೆ ಸರಿಯಾಗಿ ತಲೆಗೆ ನೀರು ಹಾಕಿಕೊಂಡು ಮಹಡಿ ಹತ್ತುತ್ತಿದ್ದರು.

ಸುಣ್ಣದ ಬೀದಿ ಇವೆಲ್ಲ ಆದ ಮೇಲೆ ಹುಟ್ಟಿದ್ದು. ಊರು ಮುಗಿದ ಕಡೆ ಸುಣ್ಣದ ಕಲ್ಲು ಸಿಕ್ಕಿತು, ಕಲ್ಲು ಸುಡುವುದಕ್ಕೆ ಗೂಡು ಕಟ್ಟಿದರು, ಗೂಡಿನ ಸುತ್ತ ನಾವು ಬಂದೆವು. ನಮ್ಮ ಬೀದಿಯ ತುದಿಗೆ ಒಂದು ಬಂಡೆ. ಅದರಾಚೆ ಯಾರೂ ಇಲ್ಲ. ತಿದಿ ಒತ್ತಿ ಒತ್ತಿ ಗೂಡು ಉರಿಸುತ್ತಿದ್ದೆವು. ಅದರ ಹೊಗೆ ಸೂರಿನಿಂದ ಆಳೆತ್ತರ ಮೇಲೇರಿ, ಅಲ್ಲೇ ನಿಂತು, ತಣ್ಣಗಾಗಿ ಮತ್ತೆ ನಮ್ಮ ಮೇಲೇ ಇಳಿಯುತ್ತಿತ್ತು. ನಮ್ಮಲ್ಲಿ ಎಲ್ಲರೂ ಕೈಯಲ್ಲಿ ಮೊರ ಹಿಡಿದು ಓಡಾಡುತ್ತಿದ್ದರು, ಮುಂದಿನ ಹೊಗೆಯನ್ನು ಬೀಸಿ ದಾರಿ ಮಾಡಿಕೊಳ್ಳುವುದಕ್ಕೆ. ಒದ್ದೆ ಸೀರೆಯ ಎರಡು ತುದಿ ಹಿಡಿದು ಇಬ್ಬರು ಹೆಂಗಸರು ಜಾಡಿಸುತ್ತಾ ನಿಂತರೆ ಅದು ಒಣಗುವ ಹೊತ್ತಿಗೆ ಊರಿನ ಸುದ್ದಿಯೆಲ್ಲ ಮುಗಿದಿರುತ್ತಿತ್ತು.

ನಮ್ಮ ಹೊನ್ನಕ್ಕ ಮದುವೆಯಾದಾಗಿನಿಂದ ಗೂಡಿನ ಬಾಯಲ್ಲಿ ನಿಂತು ಸುಟ್ಟ ಕಲ್ಲು ಎಳೆಯುತ್ತಿದ್ದಳು. ಈಗ ಅವಳ ಎದೆಯೊಳಗೆ ಯಾರೋ ಒಣಗಿದ ತೆಂಗಿನ ಗರಿ ಎಳೆದಂಥ ಸದ್ದು. ಮಾತಾಡಿದರೆ ಅರ್ಧ ಮಾತಿಗೆ ನಿಲ್ಲಿಸಿ ಉಸಿರು ಹುಡುಕುತ್ತಿದ್ದಳು. ಆಸ್ಪತ್ರೆಯ ಕಾಂಪೌಂಡರು, ‘ಮಾತ್ರೆ ಕೊಡ್ತೀನಮ್ಮ, ಆದ್ರೆ ಮಾತ್ರೆಯಿಂದ ಆಗೋದಲ್ಲ ಇದು. ದಿನಾ ಗಾಳಿಗೆ ಕೂರಿಸಿ’ ಎಂದಿದ್ದರು. ಗಾಳಿಗೆ ಕೂರಿಸುವುದೆಂದರೆ ಬೇರೆ ಬೀದಿಗೆ ಕರೆದುಕೊಂಡು ಹೋಗಿ, ಅಲ್ಲಿ ಗಾಳಿ ಬಿಟ್ಟಾಗ ಯಾರದಾದರೂ ಜಗಲಿಯ ಅಂಚಿನಲ್ಲಿ ಕೂರಿಸುವುದು. ನಮ್ಮವರು ಎಷ್ಟೋ ಜನ ಹಾಗೆ ಬದುಕಿಕೊಂಡಿದ್ದರು. ಮಾರ ಭಾವ, ಅಂದರೆ ಹೊನ್ನಕ್ಕನ ಗಂಡ, ದಿನಾ ಅವಳನ್ನು ಬೆನ್ನ ಮೇಲೆ ಹೊತ್ತು ಹೂವಿನ ಬೀದಿಗೆ ಹೋಗುತ್ತಿದ್ದ. ಅಲ್ಲಿಯ ಹೆಂಗಸರು ‘ಬಂದ್ಲು ನೋಡ್ರೇ, ನಮ್ಮ ಗಾಳಿ ಉಣ್ಣೋಕೆ’ ಎನ್ನುತ್ತಿದ್ದರು. ಹಾಗೆನ್ನುತ್ತಲೇ ಒಂದಿಷ್ಟು ಜಾಗ ಬಿಡುತ್ತಿದ್ದರು.

ಆ ಬೇಸಿಗೆಯಲ್ಲಿ ಅದು ನಿಂತಿತು. ಅವಳ ಸೀರೆಯಿಂದ ಎದ್ದ ಸುಣ್ಣದ ಪುಡಿ ಮಲ್ಲಿಗೆ ಮೊಗ್ಗಿನ ಮೇಲೆ ಕೂತು ಬುಟ್ಟಿಗಟ್ಟಲೆ ಹೂವು ಸುಟ್ಟುಹೋಯಿತಂತೆ. ಗಾಳಿ ಸಮಿತಿಯ ವೀರಭದ್ರ ಶೆಟ್ಟರು ಎಲ್ಲ ಬೀದಿಗಳ ಪರವಾಗಿ ಅಪ್ಪಣೆ ಕೊಟ್ಟರು: ಇನ್ನು ಮುಂದೆ ಒಂದು ಬೀದಿಯ ಗಾಳಿಗೆ ಇನ್ನೊಂದು ಬೀದಿಯವರು ಕೂರುವ ಹಾಗಿಲ್ಲ. ಶೆಟ್ಟರು ಕೆಟ್ಟವರಲ್ಲ. ಅವರೇ ನಮ್ಮ ಮನೆ ಬಾಗಿಲಿಗೆ ಬಂದು, ಮೂಗಿಗೆ ಟವೆಲ್ಲು ಹಿಡಿದು, ಅದನ್ನು ಹೇಳಿ ಹೋದರು.

‘ಏನ್ ಮಾಡೋದಮ್ಮ, ಎಲ್ಲರ ಬೀದಿ ಅವರವರಿಗೆ.’

‘ನಮ್ಮ ಬೀದಿಗೂ ಬಿಡಿಸಿ ಹಂಗಾದ್ರೆ,’ ಎಂದ ಮಾರ ಭಾವ.

‘ನಿಮ್ಮದಕ್ಕೆ ಪದವೇ ಇಲ್ವಲ್ಲೋ ಮಾರಾ. ಇಲ್ಲದ್ದನ್ನ ಹೆಂಗೆ ಹೊಡೆಯೋದು?’

ಅಂದಿನಿಂದ ಅಕ್ಕ ಮಲಗಿದಳು. ಮಲಗಿದಳು ಎಂದರೆ ಗೋಡೆಗೆ ಒರಗಿ ಕೂತಳು, ಅಡ್ಡಾದರೆ ಉಸಿರೇ ಬರುತ್ತಿರಲಿಲ್ಲ. ಭಾವ ಎದುರು ಕೂತು ಮೊರ ಬೀಸುತ್ತಿದ್ದ. ಕೈ ಸೋತಾಗ ನಾನು. ಮೊರದ ಗಾಳಿ ಹೊಗೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಳ್ಳುತ್ತಿತ್ತು, ಅಷ್ಟೇ. ಅವಳ ತುಟಿಗಳು ನೇರಳೆ ಹಣ್ಣು ತಿಂದವರ ತುಟಿಗಳ ಹಾಗೆ ಆಗತೊಡಗಿದ್ದವು.

ನಾನು ಗಾಳಿಮನೆಯಲ್ಲೇ ಕೆಲಸಕ್ಕಿದ್ದೆ. ವಿಚಿತ್ರವೆಂದರೆ ಗಾಳಿಮನೆಯೊಳಗೆ ಗಾಳಿ ಇರಲಿಲ್ಲ, ಅದಕ್ಕೂ ಪದವಿರಲಿಲ್ಲ. ಕಾದ ಯಂತ್ರದ ಪಕ್ಕ ಆ ಉಬ್ಬೆಯಲ್ಲಿ ದಿನವಿಡೀ ಕೂರಲು ಬೇರೆ ಬೀದಿಯವರು ಒಪ್ಪಲಿಲ್ಲ. ನನಗೆ ಅಭ್ಯಾಸವಿತ್ತು. ಅಲ್ಲಿಯವರೆಗೆ ಯಂತ್ರ ನೋಡಿಕೊಳ್ಳುತ್ತಿದ್ದ ಗುರುಪಾದಯ್ಯ ಮೇಷ್ಟ್ರಿಗೆ ಬೆರಳು ನಡುಗಲು ಶುರುವಾಗಿತ್ತು, ಅಕ್ಷರ ತಪ್ಪಿ ಒಂದು ಬೀದಿಯ ಗಾಳಿ ಇನ್ನೊಂದಕ್ಕೆ ಹೋಗಿ ಜಗಳವಾಗಿತ್ತು. ಹಾಗಾಗಿ ಅವರು ಹೇಳುವುದು, ನಾನು ಟೈಪ್ ಮಾಡುವುದು. ಬಿಡುವಿದ್ದಾಗ ಯಂತ್ರದ ಹೊಟ್ಟೆಯೊಳಗೆ ಏನೇನು ನಡೆಯುತ್ತದೆಂದು ಹೇಳಿಕೊಡುತ್ತಿದ್ದರು. ಹಸಿರು ಅಕ್ಷರದ ಪುಟ್ಟ ಪರದೆ, ತೂಕದ ಕೀಲಿಮಣೆ, ಪಕ್ಕದಲ್ಲಿ ಫ್ಲಾಪಿ ತುರುಕುವ ಪೆಟ್ಟಿಗೆ. ಆ ಕಂಪ್ಯೂಟರನ್ನು ಯಾರೂ ಆರಿಸುತ್ತಿರಲಿಲ್ಲ. ಹೊತ್ತಿಸಿದಾಗ ಅದು ಓದಬೇಕಾದ ಫ್ಲಾಪಿ ಊರಿಗೆಲ್ಲ ಒಂದೇ ಇತ್ತು, ಅದಕ್ಕೆ ಬೂಷ್ಟು ಹಿಡಿದಿತ್ತು. ಕರೆಂಟು ಹೋದರೂ ಯಂತ್ರ ಆರಬಾರದೆಂದು ಗೋಡೆಯುದ್ದಕ್ಕೂ ಲಾರಿಯ ಬ್ಯಾಟರಿಗಳನ್ನು ಜೋಡಿಸಿದ್ದರು.

‘ಮೇಷ್ಟ್ರೇ, ಹೊಸ ಪದ ಸೇರಿಸೋಕೆ ಆಗೋದೇ ಇಲ್ವಾ?’ ಎಂದು ನಾನು ಕೇಳಿದೆ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಒರೆಸಿದ ಮೇಲೂ ಹಾಕಿಕೊಳ್ಳಲಿಲ್ಲ.

‘ನೀನು ಹೊಡೆದ ಪದವನ್ನ ಯಂತ್ರ ನೇರವಾಗಿ ಕೇಳಿಸ್ಕೊಳ್ಳಲ್ಲ ನಾಗು. ಮಧ್ಯ ಒಬ್ಬ ದುಭಾಷಿ ಇದ್ದಾನೆ. ಪದ ಓದ್ತಾನೆ, ತನ್ನ ಹತ್ರ ಇರೋ ಪದಗಳ ಜೊತೆ ಹೋಲಿಸ್ತಾನೆ, ಸಿಕ್ಕಿದ್ರೆ ಕೆಲಸ ಮಾಡಿಸ್ತಾನೆ. ಸಿಗಲಿಲ್ಲ ಅಂದ್ರೆ ಪರದೆ ಮೇಲೆ ಒಂದು ಪ್ರಶ್ನೆ ಚಿಹ್ನೆ ಬಿಸಾಕ್ತಾನೆ.’

‘ಅವನ ಪದಗಳ ಜೊತೆ ನಮ್ಮದೊಂದು ಬರೆದುಬಿಟ್ರೆ?’

‘ಅಲ್ಲಿ ಜಾಗ ಇಲ್ಲ. ಆದ್ರೆ ಇದನ್ನ ಮಾಡಿದವರು ಒಳ್ಳೆಯವರು. ದುಭಾಷಿ ಪಕ್ಕದಲ್ಲೇ ಒಂದು ಖಾಲಿ ಗೂಡು ಬಿಟ್ಟಿದ್ದಾರೆ. ಮುಂದೆ ಯಾರಾದ್ರೂ ಬರಬಹುದು ಅಂತ. ನೀನು ಬೇರೆ ಕಡೆ ನಿನ್ನ ಪ್ರೋಗ್ರಾಮ್ ಬರೆದಿಟ್ಟು, ಆ ಗೂಡಲ್ಲಿ ಅದರ ವಿಳಾಸ ಹಾಕಿದ್ರೆ, ಪದ ಬಂದಾಗೆಲ್ಲ ಅವನು ನಿನ್ನನ್ನೂ ಕೇಳ್ತಾನೆ, ಇದು ನಿಂದಾ ಅಂತ.’

‘ನೀವು ಯಾಕೆ ಇಷ್ಟು ದಿನ...’

‘ನನ್ನನ್ನ ಯಾರೂ ಕೇಳಲಿಲ್ಲ,’ ಎಂದರು ಮೇಷ್ಟ್ರು. ಆಮೇಲೆ ಸಣ್ಣ ದನಿಯಲ್ಲಿ, ‘ನನಗೂ ಹೆದರಿಕೆ ಕಣಮ್ಮ’ ಎಂದು ಸೇರಿಸಿದರು.

ನಾನು ಬಿಡಲಿಲ್ಲ. ಅಕ್ಕನ ತುಟಿಯ ಬಣ್ಣ ಹೇಳಿದೆ. ಮರುದಿನ ಮಧ್ಯಾಹ್ನ, ಊರೆಲ್ಲ ಉಂಡು ಅಡ್ಡಾದ ಹೊತ್ತಿನಲ್ಲಿ, ಯಾವ ಬೀದಿಗೂ ಗಾಳಿಯ ಸರದಿ ಇಲ್ಲದಾಗ, ನಾವು ಬಾಗಿಲಿಗೆ ಚಿಲಕ ಹಾಕಿ ಕೂತೆವು. ಯಂತ್ರಕ್ಕೆ ಅದರ ಭಾಷೆಯಲ್ಲಿ ಹೇಳುವುದೆಂದರೆ ಬರೀ ಅಂಕಿಗಳು. ಮೇಷ್ಟ್ರು ಒಂದೊಂದೇ ಅಂಕಿ ಹೇಳಿದರು, ನಾನು ಒಂದೊಂದೇ ಒತ್ತಿದೆ. ಒಂದು ಅಂಕಿ ತಪ್ಪಿದರೆ ದುಭಾಷಿಯ ತಲೆ ಕೆಟ್ಟು ಊರಿಗೇ ಗಾಳಿ ಇಲ್ಲವಾಗಬಹುದು ಎಂದು ಅವರು ಮೊದಲೇ ಹೇಳಿದ್ದರಿಂದ ಕೈ ಬೆವರಿ ಕೀಲಿಗಳು ಜಾರುತ್ತಿದ್ದವು. ಪದ ಬಂದರೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ನಮ್ಮದಾದರೆ ನಮ್ಮ ಬೀದಿಗೆ ಗಾಳಿ ಬಿಡಬೇಕು. ಅಲ್ಲಿಗೆ ಬಂದು ನಿಂತೆವು.

‘ನಮ್ಮದಲ್ಲದಿದ್ರೆ?’ ಎಂದರು ಮೇಷ್ಟ್ರು.

‘ಅಲ್ಲದಿದ್ರೆ ಇನ್ನೇನಿದೆ, ಅಲ್ಲಿಗೆ ಮುಗೀತು.’

ಅವರು ಸ್ವಲ್ಪ ಯೋಚಿಸಿ, ‘ಹೌದು, ಎಲ್ಲರನ್ನೂ ಕೇಳಿ ಕೊನೆಗೆ ತಾನೇ ನಿಮ್ಮ ಹತ್ರ ಬರೋದು. ಮುಗೀತು ಅಂತಲೇ ಹಾಕು’ ಎಂದರು.

ಅವರಿಗೂ ನನಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಸೀಮೆಎಣ್ಣೆಯ ಗಾಡಿ ಎಲ್ಲ ಬೀದಿ ಸುತ್ತಿ ಕೊನೆಗೆ ನಮ್ಮಲ್ಲಿಗೆ ಬರುತ್ತಿತ್ತು. ಅಂಚೆಯವನೂ ಹಾಗೆಯೇ, ಸೂಜಿ ಹಾಕುವ ನರ್ಸಮ್ಮನೂ ಹಾಗೆಯೇ. ನಮ್ಮಿಂದ ಮುಂದಕ್ಕೆ ಬಂಡೆ. ಏನೇ ಆಗಲಿ ಮುಂದಿನವರಿಗೆ ದಾಟಿಸಬೇಕಾದ ಸಂದರ್ಭ ನಮ್ಮ ಬೀದಿಗೆ ಯಾವತ್ತೂ ಬಂದಿರಲಿಲ್ಲ.

ಖಾಲಿ ಗೂಡಿನಲ್ಲಿ ವಿಳಾಸ ಹಾಕಿದೆ. ನಮ್ಮ ಪದ ಟೈಪ್ ಮಾಡಿದೆ. ಪ್ರಶ್ನೆ ಚಿಹ್ನೆ ಬರಲಿಲ್ಲ. ಏನೂ ಬರಲಿಲ್ಲ. ಮೇಷ್ಟ್ರು ನನ್ನ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿದರು.

ನಾನು ಹುಟ್ಟಿದಾಗಿನಿಂದ ಸುಣ್ಣದ ಬೀದಿಯ ಮೇಲೆ ಹೊಗೆ ಒಂದು ಬೂದು ಚಪ್ಪಡಿಯ ಹಾಗೆ ನಿಂತದ್ದನ್ನೇ ನೋಡಿದ್ದು. ಈಗ ಅದರ ಒಂದು ಮೂಲೆ ಎದ್ದಿತು. ಮಲಗಿದ ಎಮ್ಮೆ ಏಳುವ ಹಾಗೆ, ಮೊದಲು ಹಿಂಭಾಗ, ಆಮೇಲೆ ಮುಂಭಾಗ. ಎದ್ದು, ಬಂಡೆಯ ಮೇಲಿಂದ ದಾಟಿ, ಹೊರಟುಹೋಯಿತು. ನಮ್ಮ ಸೂರುಗಳು ಕಂಡವು. ನಮ್ಮ ಸೂರುಗಳ ಬಣ್ಣ ಏನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ದೂರದಲ್ಲಿ ಜನ ಮನೆಗಳಿಂದ ಹೊರಗೆ ಬಂದು ಸುಮ್ಮನೆ ನಿಂತಿದ್ದರು, ಕೈಯಲ್ಲಿ ಮೊರ. ಬೀಸುತ್ತಿರಲಿಲ್ಲ.

‘ಸಾಕು, ಮೊದಲ ದಿನ, ಸ್ವಲ್ಪವೇ ಇರಲಿ,’ ಎಂದರು ಮೇಷ್ಟ್ರು. ನಾನು ಇನ್ನೂ ಸ್ವಲ್ಪ ಬಿಡಿ ಎಂದು ಗೋಗರೆದೆ. ಅಕ್ಕ ಬಾಗಿಲಿಗೆ ಬಂದಿರುತ್ತಾಳೆ, ಇನ್ನೊಂದು ಹತ್ತು ಉಸಿರು. ಅವರು ನಕ್ಕು ಬಿಟ್ಟರು. ಅಷ್ಟರಲ್ಲಿ ಎಣ್ಣೆಗಾಣದ ಬೀದಿಯ ಸರದಿ ಬಂತು. ನಾನು ಕೂತು ‘ನಿಲ್ಲು’ ಎಂದು ಟೈಪ್ ಮಾಡಿದೆ. ಆಮೇಲೆ ಎಣ್ಣೆಗಾಣದ ಬೀದಿಯ ಪದ.

ಪರದೆ ಸುಮ್ಮನಿತ್ತು. ಕಿಟಕಿಯಿಂದ ಕಾಣುವ ಎಣ್ಣೆಗಾಣದ ಬೀದಿಯ ಬಾವುಟ ಕಂಬಕ್ಕೆ ಅಂಟಿಕೊಂಡೇ ಇತ್ತು. ನಮ್ಮ ಬೀದಿಯ ಕಡೆ ಯಾರದೋ ಪಂಚೆ ಆಕಾಶದಲ್ಲಿ ಹೋಯಿತು.

‘ಮತ್ತೆ ಹೊಡಿ.’

ಮತ್ತೆ ಹೊಡೆದೆ. ಬಳೆಗಾರರ ಬೀದಿಯದು, ಹೂವಿನ ಬೀದಿಯದು, ಗೊತ್ತಿದ್ದ ಎಲ್ಲವನ್ನೂ ಹೊಡೆದೆ. ಬೇಕೆಂದೇ ಅರ್ಥವಿಲ್ಲದ್ದೊಂದನ್ನು ಹೊಡೆದೆ. ಪ್ರಶ್ನೆ ಚಿಹ್ನೆ ಕೂಡ ಬರಲಿಲ್ಲ. ಬಾವಿಗೆ ಕಲ್ಲು ಹಾಕಿ ಸದ್ದು ಕೇಳದೆ ನಿಂತ ಹಾಗಿತ್ತು.

ಮೇಷ್ಟ್ರು ನಿಧಾನವಾಗಿ ಸ್ಟೂಲಿನ ಮೇಲೆ ಕೂತರು.

‘ದುಭಾಷಿ ನಿಮ್ಮನ್ನ ಕೊನೆಗೆ ಕೇಳೋದಲ್ಲ ನಾಗು. ಹೊಸಬರನ್ನೇ ಮೊದಲು ಕೇಳ್ತಾನೆ.’

‘ಅಂದ್ರೆ?’

‘ಯಾವ ಪದ ಬಂದ್ರೂ ಮೊದಲು ನಿಮ್ಮ ಬಾಗಿಲಿಗೆ ಬರುತ್ತೆ. ನಮ್ಮದಲ್ಲ, ಮುಂದೆ ಕೊಡು ಅಂತ ನೀವು ಹೇಳ್ಬೇಕು. ನಾವು ಮುಗೀತು ಅಂತ ಬರೆದಿದ್ದೀವಿ. ಎಲ್ಲಾ ಪದಗಳೂ ಅಲ್ಲೇ ಮುಗೀತಿವೆ. ನಿಲ್ಲು ಅನ್ನೋದೂ.’

‘ತಿದ್ದಿಬಿಡೋಣ!’

‘ತಿದ್ದೋಕೂ ಒಂದು ಪದ ಹೊಡೀಬೇಕಲ್ಲಮ್ಮ.’

ಹೊರಗೆ ಜನರ ಗದ್ದಲ ಶುರುವಾಗಿತ್ತು. ಚಿಲಕ ತೆಗೆದಾಗ ವೀರಭದ್ರ ಶೆಟ್ಟರು ಎಲ್ಲರಿಗಿಂತ ಮುಂದಿದ್ದರು, ಅಂಗಿಯಿಲ್ಲದೆ, ಊಟದ ನಿದ್ದೆಯಿಂದ ಎದ್ದು ಬಂದವರು. ಹಿಂದೆ ಬೇರೆ ಬೇರೆ ಬೀದಿಯವರು. ಮೇಷ್ಟ್ರು ನಡೆದದ್ದನ್ನು ಏನೂ ಮುಚ್ಚದೆ ಹೇಳಿದರು. ಕೇಳುತ್ತಾ ಕೇಳುತ್ತಾ ಶೆಟ್ಟರು ಕಿಟಕಿಯಿಂದ ನಮ್ಮ ಬೀದಿಯನ್ನೇ ನೋಡುತ್ತಿದ್ದರು. ಗಾಳಿ ಈಗ ಬಲಿತಿತ್ತು. ಸೂರಿನ ಒಂದು ತಗಡು ಎದ್ದೆದ್ದು ಬಡಿಯುವ ಸದ್ದು ಇಲ್ಲಿಗೆ ಕೇಳುತ್ತಿತ್ತು.

‘ಏನ್ ದಾರಿ ಈಗ?’

‘ಆರಿಸಬೇಕು,’ ಎಂದರು ಮೇಷ್ಟ್ರು. ‘ಆರಿಸಿದ್ರೆ ಸೇರಿಸಿದ್ದೆಲ್ಲ ಅಳಿಸಿಹೋಗುತ್ತೆ. ಗಾಳಿನೂ ನಿಲ್ಲುತ್ತೆ, ಅದು ಗ್ಯಾರಂಟಿ. ಆಮೇಲೆ ಫ್ಲಾಪಿ ಓದಬೇಕು. ಅದಕ್ಕೆ ಗ್ಯಾರಂಟಿ ಇಲ್ಲ.’

‘ಓದದಿದ್ರೆ?’

‘ಊರಿಗೇ ಗಾಳಿ ಇಲ್ಲ.’

ಆಮೇಲೆ ಶೆಟ್ಟರು, ‘ಯಾರೂ ಕೈ ಹಚ್ಚಬೇಡಿ’ ಎಂದರು. ‘ಇರೋ ಒಂದು ಗಾಳಿನಾದ್ರೂ ಇರಲಿ. ಅದು ಸುಣ್ಣದ ಬೀದಿಯಲ್ಲಿದ್ರೆ ಸುಣ್ಣದ ಬೀದಿಗೇ ಹೋಗೋಣ. ಅವರನ್ನ ಈ ಕಡೆ ಕಳಿಸೋಣ. ನಮ್ಮ ಮನೆಗಳಲ್ಲಿ ಇರಲಿ ಬೇಕಾದ್ರೆ, ದೊಡ್ಡ ದೊಡ್ಡ ಮನೆ.’

‘ಯಾರಪ್ಪನ ಮನೆ ಯಾರಿಗೆ ಕೊಡ್ತೀರಿ?’ ಎಂಬ ದನಿ ಬಾಗಿಲಿನಿಂದ ಬಂತು. ಮಾರ ಭಾವ. ತಲೆಯಿಂದ ಕಾಲಿನವರೆಗೆ ಸುಣ್ಣದಲ್ಲಿ ಬೆಳ್ಳಗಾಗಿ, ಕಣ್ಣು ಮಾತ್ರ ಕೆಂಪಾಗಿ, ಗುಂಪನ್ನು ತಳ್ಳಿಕೊಂಡು ಬಂದ. ಬಂದವನೇ ಗೋಡೆಯ ದೊಡ್ಡ ಸ್ವಿಚ್ಚಿನ ಎದುರು ಎರಡೂ ಕೈ ಚಾಚಿ ನಿಂತ.

‘ಭಾವ, ತಗಡು ಹಾರ್ತಿವೆಯಲ್ಲ?’

‘ಹಾರ್ಲಿ! ಅವಳು ಎದ್ದು ನಡ್ಕೊಂಡು ಬಾಗಿಲಿಗೆ ಬಂದ್ಲು ಕಣೇ ನಾಗೂ. ಒಂದು ಪೂರ್ತಿ ಮಾತಾಡಿದ್ಲು, ಮಧ್ಯ ನಿಲ್ಲಿಸದೆ. ಏನಂದ್ಲು ಗೊತ್ತಾ? ನಿನ್ನ ಮೀಸೆ ಬೆಳ್ಳಗಾಗಿದೆ ಅಂದ್ಲು. ಯಾವನಾದ್ರೂ ಇದನ್ನ ಮುಟ್ಟಿದ್ರೆ ಕೈ ಮುರೀತೀನಿ.’

‘ನಾವೂ ಮುಟ್ಟಬೇಡಿ ಅಂತಲೇ ಹೇಳ್ತಿರೋದು ಮಾರಾ,’ ಎಂದರು ಶೆಟ್ಟರು. ‘ನಿಮ್ಮ ಬೀದಿ ಖಾಲಿ ಮಾಡಿಕೊಡಿ, ಅಷ್ಟೇ.’

‘ನಿಮ್ಮ ಜಗಲಿ ಅಂಚಲ್ಲಿ ಕೂರೋಕೆ ಬಿಡದವರು...’

ಭಾವ ಸ್ವಿಚ್ಚು ಬಿಟ್ಟು ಶೆಟ್ಟರ ಕಡೆ ಒಂದು ಹೆಜ್ಜೆ ಇಟ್ಟ. ಯಾರೋ ಅವನ ತೋಳು ಹಿಡಿದರು, ಅವನು ಕೊಡವಿದ. ನಾನು ಮಧ್ಯ ನುಗ್ಗಿದೆ. ಎರಡು ಕಡೆಯವರೂ ಯಂತ್ರವನ್ನು ಆರಿಸಬಾರದು ಎನ್ನುತ್ತಿದ್ದರು, ಅದಕ್ಕಾಗಿಯೇ ಒಬ್ಬರನ್ನೊಬ್ಬರು ಕೊಲ್ಲುವುದರಲ್ಲಿದ್ದರು. ಕಿಟಕಿಯಾಚೆ ನಮ್ಮ ಬೀದಿಯಿಂದ ಒಂದು ತಗಡು ಕಿತ್ತುಬಂದು ಅಡ್ಡಡ್ಡ ತಿರುಗುತ್ತಾ ಬಂಡೆಗೆ ಅಪ್ಪಳಿಸಿತು. ಗೂಡಿನ ಬಾಯಿಂದ ಕಿಡಿಗಳು ಸಾಲಾಗಿ ಹಾರುತ್ತಿದ್ದವು. ತಿದಿಯ ಉಸಿರಿಗೆ ಕಟ್ಟಿದ ಗೂಡು ಅದು. ಈ ಗಾಳಿಗೆ ಅದು ಬುಸುಗುಟ್ಟುವುದು ನನ್ನ ಹಲ್ಲಿನಲ್ಲಿ ಕೇಳಿಸುತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿದ್ದ ಜನ ತಾವಾಗಿ ಸರಿದರು. ನಮ್ಮ ಬೀದಿಯ ಇಬ್ಬರು ಹೆಂಗಸರು ಹೊನ್ನಕ್ಕನನ್ನು ಒಂದು ಕಂಬಳಿಯಲ್ಲಿ ಹಾಕಿಕೊಂಡು ತಂದಿದ್ದರು. ಅವಳ ಕೂದಲೆಲ್ಲ ಬಿಚ್ಚಿ ಮುಖಕ್ಕೆ ಅಂಟಿತ್ತು, ಅದರ ಮೇಲೆ ಸುಣ್ಣ.

‘ಏನಾಯ್ತೇ? ಚೆನ್ನಾಗಿದ್ಲಲ್ಲ!’ ಎಂದು ಭಾವ ಕೂಗಿದ.

‘ಗಾಳಿ ಬಾಯಿಗೇ ನುಗ್ತಿದೆ ಕಣಣ್ಣ,’ ಎಂದಳು ಒಬ್ಬಾಕೆ. ‘ಒಳಗೆ ತಗೊಳ್ಳೋಕೂ ಆಗಲ್ಲ, ಹೊರಗೆ ಬಿಡೋಕೂ ಆಗಲ್ಲ. ಬಾಗಿಲು ಹಾಕಿದ್ರೆ ಬಾಗಿಲೇ ಒಳಗೆ ಬಿತ್ತು. ಇಲ್ಲಾದ್ರೂ ಗಾಳಿ ಇಲ್ಲ ಅಂತ ಹೊತ್ಕೊಂಡು ಬಂದ್ವಿ.’

ಅಕ್ಕ ನನ್ನನ್ನು ಹುಡುಕಿದಳು. ಕಣ್ಣು ಮಾತ್ರ ತಿರುಗುತ್ತಿತ್ತು. ನಾನು ಹತ್ತಿರ ಕೂತಾಗ ನನ್ನ ಮಣಿಕಟ್ಟು ಹಿಡಿದು, ‘ನಿಲ್ಸು’ ಎಂದಳು. ಒಂದು ಉಸಿರು. ‘ಮನೆಗಳು...’ ಇನ್ನೊಂದು. ‘ಹೋಗ್ತವೆ.’

ಭಾವ ಅವಳನ್ನು ನೋಡಿದ. ಶೆಟ್ಟರನ್ನು ನೋಡಿದ. ಅವನ ಕೈಗಳು ತಾವಾಗಿ ಇಳಿದವು.

‘ಆರಿಸೇ,’ ಎಂದ.

‘ಏಯ್!’ ಎಂದು ಶೆಟ್ಟರು ಚೀರಿದರು. ನಾನು ಆಗಲೇ ಸ್ವಿಚ್ಚಿನ ಹತ್ತಿರವಿದ್ದೆ.

ಪರದೆಯ ಹಸಿರು ಒಂದು ಚುಕ್ಕೆಯಾಗಿ, ಆ ಚುಕ್ಕೆಯೂ ಹೋಯಿತು. ಯಂತ್ರದ ಗುಂಯ್ ಸದ್ದು ನಿಂತಿತು. ಅದು ಸದ್ದು ಎಂದು ನಮಗೆ ಗೊತ್ತಾದದ್ದೇ ಆಗ. ನಮ್ಮ ಬೀದಿಯ ಕಡೆ ಹಾರುತ್ತಿದ್ದ ಧೂಳು ಆಕಾಶದಲ್ಲೇ ನಿಂತು, ನೇರವಾಗಿ ಕೆಳಗೆ ಬಿತ್ತು. ಊರು ಪೂರ್ತಿ ನಿಶ್ಚಲವಾಯಿತು. ಅಕ್ಕನ ಎದೆಯ ಗರಿ ಎಳೆಯುವ ಸದ್ದೊಂದೇ.

ಮೇಷ್ಟ್ರು ಫ್ಲಾಪಿಯನ್ನು ಹೊರಗೆ ತೆಗೆದು, ಅದರ ನಡುವಿನ ತೂತಿಗೆ ಕಿರುಬೆರಳು ಹಾಕಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಮತ್ತೆ ತುರುಕಿದರು. ನಾನು ಸ್ವಿಚ್ಚು ಹಾಕಿದೆ. ಪೆಟ್ಟಿಗೆ ಕರಕರ ಎಂದಿತು. ನಿಂತಿತು. ಪರದೆ ಕಪ್ಪು. ಯಾರೋ ಅಳುವುದಕ್ಕೆ ಶುರುಮಾಡಿದರು. ಮೇಷ್ಟ್ರು ಮತ್ತೆ ತೆಗೆದರು, ಮತ್ತೆ ತಿರುಗಿಸಿದರು, ಈ ಸಲ ಫ್ಲಾಪಿಯನ್ನು ಹಣೆಗೆ ಒತ್ತಿಕೊಂಡು ಹಾಕಿದರು. ಕರಕರ. ನಿಲ್ಲಲಿಲ್ಲ. ಕರಕರ, ಕರಕರ, ಜೋಳ ಹುರಿದ ಹಾಗೆ ಸದ್ದು ಮಾಡುತ್ತಾ ಹೋಯಿತು. ಆಮೇಲೆ ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ ಮಿಟುಕಿತು.

ನಾನು ಕೀಲಿಮಣೆಯ ಮೇಲೆ ಕೈ ಇಡುವ ಮೊದಲೇ ಶೆಟ್ಟರು ಕುರ್ಚಿಯ ಬೆನ್ನು ಹಿಡಿದಿದ್ದರು.

‘ಇನ್ನು ಹೊಸ ಗಾಳಿ ಇಲ್ಲ. ಇಲ್ಲೇ, ನಿಮ್ಮಕ್ಕನ ಎದುರಿಗೇ ಮಾತು ಕೊಡು. ಇಲ್ಲಾಂದ್ರೆ ಎದ್ದೇಳು, ಬೇರೆಯವರು ಕೂರ್ತಾರೆ.’

ನಾನು ಅಕ್ಕನ ಕಡೆ ನೋಡಿದೆ. ಅವಳ ಕಣ್ಣು ಮುಚ್ಚಿತ್ತು. ಭಾವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಬೀಸುತ್ತಿದ್ದ. ಮೊರ ಎಲ್ಲೋ ಹಾರಿಹೋಗಿತ್ತು.

‘ಗಾಳಿ ಬಿಡಲ್ಲ,’ ಎಂದೆ. ‘ಮಾತು ಕೊಟ್ಟೆ.’

ಹಾಗೆಂದು, ಮಧ್ಯಾಹ್ನ ಒತ್ತಿ ಬೆರಳಿಗೆ ಬಾಯಿಪಾಠವಾಗಿದ್ದ ಅಂಕಿಗಳನ್ನು ಮತ್ತೆ ಒತ್ತಲು ಶುರುಮಾಡಿದೆ. ಯಾಕೆ ಹಾಗೆ ಮಾಡಿದೆನೋ ಆಗ ನನಗೆ ಸ್ಪಷ್ಟವಿರಲಿಲ್ಲ. ಆ ಖಾಲಿ ಗೂಡು ಮತ್ತೆ ಖಾಲಿಯಾಗಿರುವುದು ಸಹಿಸಲಾಗಲಿಲ್ಲ, ಅಷ್ಟೇ. ಗಾಳಿ ಬಿಡುವ ಸಾಲುಗಳನ್ನು ಈ ಸಲ ಹಾಕಲಿಲ್ಲ. ಪದ ಬಂದರೆ ಹೋಲಿಸಿ ನೋಡುವುದು ಉಳಿಯಿತು. ಮುಗೀತು ಎಂದಿದ್ದ ಕಡೆ ನಮ್ಮದಲ್ಲ, ಮುಂದೆ ಕೊಡು ಎಂದು ಹಾಕಿ, ಖಾಲಿ ಗೂಡಿನಲ್ಲಿ ಅದರ ವಿಳಾಸ ಇಟ್ಟೆ.

‘ಏನ್ ಹೊಡೀತಿದಾಳೆ ಇವಳು?’ ಶೆಟ್ಟರು ಮೇಷ್ಟ್ರನ್ನು ಕೇಳಿದರು. ‘ಇಷ್ಟೊಂದು ಅಂಕಿ ಯಾಕೆ?’

ಮೇಷ್ಟ್ರು ಕನ್ನಡಕ ಹಾಕಿಕೊಂಡು ನನ್ನ ಭುಜದ ಮೇಲಿಂದ ಬಗ್ಗಿದರು. ಅವರ ಬಿಸಿ ಉಸಿರು ನನ್ನ ಕಿವಿಗೆ ತಾಕುತ್ತಿತ್ತು. ಒಂದೊಂದೇ ಸಾಲು ಓದಿದರು. ಊರಿನಲ್ಲಿ ಅದನ್ನು ಓದಬಲ್ಲ ಇನ್ನೊಬ್ಬರು ಅವರೇ.

‘ಅದರಲ್ಲಿ ಗಾಳಿ ಇಲ್ಲ ಶೆಟ್ರೇ,’ ಎಂದರು.

‘ಮತ್ತೇನಿದೆ?’

‘ಕೇಳುತ್ತೆ, ಬಿಡುತ್ತೆ. ಅಷ್ಟೇ.’

ಶೆಟ್ಟರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ‘ಕೇಳಿದ್ರೆ ಕೇಳ್ಲಿ ಬಿಡಿ. ಕೇಳೋದು ಬಿಟ್ಟು ಇವರಿಗಿನ್ನೇನು ಗೊತ್ತು? ಮೊದಲು ನಮ್ಮ ಬೀದಿದು ಹೊಡೀರಿ, ಗಾಣದ ಎತ್ತು ಬಾಯಿ ಬಿಡ್ತಿವೆ.’

ನಾನು ಎಣ್ಣೆಗಾಣದ ಬೀದಿಯ ಪದ ಹೊಡೆದೆ. ಕಂಬದ ಬಾವುಟ ಒಂದು ಕ್ಷಣ ತಡೆದು, ಬಿಚ್ಚಿಕೊಂಡಿತು. ಜನ ಹೋ ಎಂದು ಕೂಗಿ ಹೊರಗೆ ಓಡಿದರು. 

ಅಕ್ಕನನ್ನು ಹೊತ್ತುಕೊಂಡು ಹೋದ ಮೇಲೆ ನನಗೆ ಅಲ್ಲಿ ಕೂರಲಾಗಲಿಲ್ಲ. ಮಿಕ್ಕ ಸರದಿ ನಾನೇ ನೋಡಿಕೊಳ್ಳುತ್ತೇನೆ, ನಿಧಾನವಾಗಿ ಹೊಡೆಯುತ್ತೇನೆ, ಹೋಗು ಎಂದರು ಮೇಷ್ಟ್ರು. ಬೀದಿಯಲ್ಲಿ ಗಂಡಸರು ತಗಡು ಹೆಕ್ಕಿ ತರುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ನಡೆದೆ. ಯಾರೂ ಬೈಯಲಿಲ್ಲ. ಒಬ್ಬ ಮುದುಕ ಮಾತ್ರ, ‘ನಮ್ಮ ಸೂರಿನ ಬಣ್ಣ ನೀಲಿ ಕಣಮ್ಮ, ಗೊತ್ತಿತ್ತಾ?’ ಎಂದ. ಗೂಡಿನ ಹೊಗೆ ಆಗಲೇ ಮತ್ತೆ ಏರಿ, ನಿಂತು, ಚಪ್ಪಡಿ ಕಟ್ಟತೊಡಗಿತ್ತು.

ಅಕ್ಕನನ್ನು ಬಾಗಿಲಿಲ್ಲದ ಬಾಗಿಲುವಾಡಕ್ಕೆ ಒರಗಿಸಿ ಕೂರಿಸಿದ್ದರು. ಭಾವ ಒಲೆ ಹಚ್ಚಿ ಗಂಜಿ ಇಟ್ಟಿದ್ದ. ನಾನು ಅವಳ ಪಕ್ಕ ಕೂತೆ. ಕ್ಷಮಿಸು ಎನ್ನಬೇಕೆಂದಿದ್ದೆ. ಅವಳು ಕೈ ಎತ್ತಿ ಸುಮ್ಮನಿರಿಸಿದಳು. ಏನನ್ನೋ ಕಾಯುತ್ತಿದ್ದಳು, ಕತ್ತು ಮುಂದೆ ಚಾಚಿ, ಬಾಯಿ ಅರ್ಧ ತೆರೆದು.

ಒಲೆಯ ಹೊಗೆ ನೂಲು ಹಿಡಿದ ಹಾಗೆ ನೆಟ್ಟಗೆ ಏರುತ್ತಿತ್ತು. ನಾನು ನೋಡುತ್ತಿದ್ದಂತೆ ಅದು ಒಂದು ಕಡೆಗೆ ಬಾಗಿತು. ಯಾರೋ ಬಾಗಿಲಲ್ಲಿ ತಲೆ ಹಾಕಿ, ಕೇಳಿ, ಇಲ್ಲಿ ಅಲ್ಲ ಎಂದು ತಿರುಗಿಕೊಂಡಷ್ಟು ಹೊತ್ತು. ನನ್ನ ಕೆನ್ನೆಗೆ ತಣ್ಣಗೆ ತಾಕಿತು. ಅಕ್ಕ ಅದನ್ನು ಪೂರ್ತಿ ಒಳಗೆ ಎಳೆದುಕೊಂಡಳು. ಹೊಗೆ ಮತ್ತೆ ನೆಟ್ಟಗಾಯಿತು. ಆಮೇಲೆ, ಅದಾದ ಮೇಲೆ, ದೂರದ ಬಳೆಗಾರರ ಬೀದಿಯಲ್ಲಿ ಗಾಳಿ ಬಂತೆಂದು ಹೆಂಗಸರು ಕೂಗುವುದು ಕೇಳಿಸಿತು.

‘ಆಗಿನಿಂದ ಹಿಂಗೇ,’ ಎಂದಳು ಅಕ್ಕ. ‘ಬರುತ್ತೆ, ಹೋಗುತ್ತೆ. ಎಲ್ಲಿಂದ?’

ನಾನು ಹೇಳಿದೆ. ಪ್ರತಿಯೊಂದು ಪದವೂ ಮೊದಲು ನಮ್ಮನ್ನು ಕೇಳಿಯೇ ಹೋಗಬೇಕು, ಕೇಳಲು ಬಂದಷ್ಟು ಹೊತ್ತು ಗಾಳಿ ಇಲ್ಲಿರುತ್ತದೆ ಎಂದೆ. ಪದ ಯಾವುದೇ ಇರಲಿ, ನಿಲ್ಲು ಅನ್ನುವುದೂ. ಅವಳಿಗೆ ಎಷ್ಟು ಅರ್ಥವಾಯಿತೋ. ಭಾವ ಗಂಜಿ ತಿರುವುವುದನ್ನು ನಿಲ್ಲಿಸಿ ಕೇಳುತ್ತಿದ್ದ.

‘ಹಂಗಾದ್ರೆ ಆ ಶೆಟ್ಟರಿಗೆ ಹೋಗಿ ಹೇಳು,’ ಎಂದಳು ಅಕ್ಕ, ಎಲ್ಲೂ ನಿಲ್ಲಿಸದೆ, ‘ಗಾಳಿ ಸಾಲಲ್ಲ ಅಂತ ಅವರ ಬೀದಿಯವರು ದಿನಾ ಗೊಣಗ್ತಾರಲ್ಲ, ಇನ್ನೊಂದು ಸಲ ಬಿಡಿಸ್ಕೊಳ್ಳಿ ಅಂತ.’

ಹೇಳಿ ಸುಸ್ತಾಗಿ ಮತ್ತೆ ಒರಗಿದಳು. ಹೂವಿನ ಬೀದಿಯ ಸರದಿ ಇನ್ನೂ ಬಾಕಿಯಿತ್ತು. ಮೇಷ್ಟ್ರ ಬೆರಳು ನಿಧಾನ. ಮೂವರೂ ಒಲೆಯ ಹೊಗೆಯನ್ನೇ ನೋಡುತ್ತಾ ಕೂತೆವು.